ಮೂರು ಅಂಗಡಿಗೆ ಒಂದು ನಂಬರು

ಅಕ್ಕೋರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದವರು ಅವರ ಮಿರಜದ ತಮ್ಮ. ಆಮೇಲೆ ಒಂದು ಕೆಲಸವನ್ನೂ ಹೇಳಿದರು. ಇಂಟರ್ನೆಟ್ಟಿನಲ್ಲಿ ಯಾವುದೋ ಹಳೆಯ ಕಡೆ ಇನ್ನೂ ಮೂರೂ ಅಂಗಡಿಗಳ ಮುಂದೆ ಅಕ್ಕನ ನಂಬರೇ ಇದೆಯಂತೆ. ಅಕ್ಕನ ದಿನಕರ್ಮಕ್ಕೆ, ಶಿವಗಣಾರಾಧನೆಗೆ, ಹೇಗೂ ಬರುತ್ತೀಯಲ್ಲ, ಆಗ ಅದನ್ನೊಂದು ತೆಗೆದುಬಿಡು ಅಂದರು. "ತೀರಿದವ್ರ ನಂಬರಿಗೆ ಗಿರಾಕಿ ಫೋನ್ ಮಾಡೂದು ಛಲೋ ಕಾಣಂಗಿಲ್ಲವಾ."

ಅವರು ಹೇಳಿದ್ದು ಸರಿಯೇ. ಆದರೂ ಆ ದಿನ ನನಗೆ ಬೇರೆ ಯಾವ ಕೆಲಸವೂ ಸಾಗಲಿಲ್ಲ. ಆ ನಂಬರನ್ನು ಹಾಕಿದವಳೂ ನಾನೇ, ಉಳಿದೆಲ್ಲ ಕಡೆಯಿಂದ ತೆಗೆದವಳೂ ನಾನೇ. ತೆಗೆದ ಕಾರಣ ನನಗೆ ಗೊತ್ತು ಎಂದು ಇಷ್ಟು ದಿನ ಅಂದುಕೊಂಡಿದ್ದೆ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಗಡಿಯ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ಅದರ ಬಗ್ಗೆ ನಾನು ಕೇಳಲೂ ಇಲ್ಲ. ತಂದೆ ಸಾಂಗಲಿ ಪೇಟೆಯಲ್ಲಿ ಕೋಲು, ವಾಕರು, ಸೊಂಟದ ಪಟ್ಟಿ, ಗಾಲಿಕುರ್ಚಿ ಮಾರುವ ಅಂಗಡಿ ಇಟ್ಟವರು. ಮಿರಜದ ದವಾಖಾನೆಗಳಿಗೆ ಕರ್ನಾಟಕದಿಂದ ಬರುವ ಪೇಶಂಟುಗಳು ಹೆಚ್ಚಾದ ಹಾಗೆ ಅಲ್ಲೊಂದು ಅಂಗಡಿ ಆಯಿತು, ಆಮೇಲೆ ವಿಶ್ರಾಮಬಾಗದಲ್ಲೊಂದು. ಮೂರಕ್ಕೂ ತಂದೆಯದೇ ಹೆಸರು. ತಂದೆ ಹೋದ ಮೇಲೆ ಹಿಸೆ ಆಯಿತು. ಸಾಂಗಲಿಯದು ಅಣ್ಣನಿಗೆ, ಮಿರಜದ್ದು ತಮ್ಮನಿಗೆ, ವಿಶ್ರಾಮಬಾಗದ್ದು ತೀರಿಹೋದ ನಡುವಿನ ತಮ್ಮನ ಮಗನಿಗೆ. ಅಕ್ಕೋರಿಗೆ ವಿಶ್ರಾಮಬಾಗದ ಅಂಗಡಿಯ ಹಿಂದಿನ ಕೋಣೆ.

ಅದರ ಜೊತೆ ಅವರು ಒಂದನ್ನು ಕೇಳಿ ಪಡೆದುಕೊಂಡರು. ಮೂರೂ ಅಂಗಡಿಗಳಿಗೆ ಬರುವ ಫೋನನ್ನು ತಾನೇ ಎತ್ತುತ್ತೇನೆ ಎಂದರು. ಅಣ್ಣತಮ್ಮಂದಿರು ಒಪ್ಪಿದರು. ಆಗ ಅದರಲ್ಲಿ ಕಳೆದುಕೊಳ್ಳುವಂಥದ್ದೇನೂ ಅವರಿಗೆ ಕಂಡಿರಲಿಕ್ಕಿಲ್ಲ. ಅಂಗಡಿಯಲ್ಲಿ ದುಡ್ಡಿನ ಗಲ್ಲೆಯ ಮುಂದೆ ನಡೆಯುವುದೆಲ್ಲ ಮರಾಠಿ. ಮನೆಯ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಆಡಲು ನಾಲಗೆ ಹೊರಳುವುದಿಲ್ಲ. ಗಡಿಯಾಚೆಯಿಂದ ಗಾಬರಿಯಲ್ಲಿ ಫೋನು ಮಾಡುವವರ ಜೊತೆ ಕನ್ನಡದಲ್ಲಿ ಸಮಾಧಾನವಾಗಿ ಮಾತಾಡುವವರು ಒಬ್ಬರು ಬೇಕಿತ್ತು.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಕಾಲೇಜು ಕೆಲಸ ಸಿಗದೆ ವಿಶ್ರಾಮಬಾಗದ ನಮ್ಮ ಮನೆಗೆ ವಾಪಸು ಬಂದವಳು. ಅಂಗಡಿಗಳಿಗೆ ಫೋನಿನ ಮ್ಯಾಪಿನಲ್ಲಿ ಜಾಗ ಮಾಡಿಕೊಡುವುದು ನನ್ನ ಕೆಲಸವಾಯಿತು. ಯಾರಾದರೂ 'ಹತ್ತಿರದ ವಾಕರ್ ಅಂಗಡಿ' ಎಂದು ಹುಡುಕಿದರೆ ಹೆಸರು, ವಿಳಾಸ, ನಂಬರು, ತೆರೆಯುವ ಹೊತ್ತು, ಫೋಟೋ ಎಲ್ಲವೂ ಸರಿಯಾಗಿ ಕಾಣಬೇಕು. ಒಂದೇ ಹೆಸರಿನ ಹಲವು ಅಂಗಡಿಗಳಿದ್ದರೆ ಇದು ಸುಲಭವಲ್ಲ. ಯಂತ್ರ ಒಂದನ್ನು ಇನ್ನೊಂದೆಂದು ತಿಳಿಯುತ್ತದೆ, ಎರಡನ್ನು ಸೇರಿಸಿಬಿಡುತ್ತದೆ. ಒಂದು ಅಂಗಡಿಯ ಬಾಗಿಲು ಇನ್ನೊಂದರ ಫೋಟೋದಲ್ಲಿ ಬಂದು ಕೂರುತ್ತದೆ. ಅದಕ್ಕೇ ನಮ್ಮ ಕೆಲಸದಲ್ಲಿ ಪ್ರತಿ ಅಂಗಡಿಗೂ ಅದರದೇ ನಂಬರು ಕೊಡಿ ಎಂದು ಹೇಳುತ್ತೇವೆ. ಅಕ್ಕೋರಿಗೂ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅಂಗಡಿ ಮೂರಾದರೂ ಫೋನು ಎತ್ತುವವಳು ತಾನೊಬ್ಬಳೇ ಅಂದಮೇಲೆ ನಂಬರು ಮೂರು ಯಾಕೆ ಎಂದು ಕೇಳಿದರು. ನಾನು ಮೂರು ಕಡೆಯೂ ಅವರ ನಂಬರನ್ನೇ ಹಾಕಿದೆ.

ಅಂಗಡಿ ನಿಮ್ಮದೇ ಎಂದು ತೋರಿಸಲು ಮ್ಯಾಪಿನವರು ಒಂದು ವಿಡಿಯೋ ಕೇಳುತ್ತಾರೆ. ಬೀದಿ ಕಾಣಬೇಕು, ಬೋರ್ಡು ಕಾಣಬೇಕು, ಕೊನೆಗೆ ಕೀಲಿ ತೆಗೆದು ಒಳಗೆ ಹೋಗಬೇಕು. ಖಾತೆ ಅಕ್ಕೋರ ಹೆಸರಿನಲ್ಲಿ. ಮೂರೂ ಅಂಗಡಿಗಳ ಕೀಲಿ ಅವರ ಹತ್ತಿರ ಇರಲಿಲ್ಲ. ಸಾಂಗಲಿಯಲ್ಲಿ ಅಣ್ಣ ಕೀಲಿಯನ್ನು ಅವರ ಕೈಗೆ ಕೊಟ್ಟು ಹೊರಗೆ ನಿಂತರು. ವಿಶ್ರಾಮಬಾಗದ ಸೋದರಳಿಯನೂ ಹಾಗೇ ಮಾಡಿದ. ಮಿರಜದ ತಮ್ಮನವರು ಕೀಲಿಗೊಂಚಲನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು, ಬಿಚ್ಚಲಿಲ್ಲ. ತಾವೇ ಬಗ್ಗಿ ಕೀಲಿ ತಿರುವಿದರು. ಅಕ್ಕೋರು ಆ ಕೀಲಿಯ ಮೇಲೆ ಬೆರಳಿಟ್ಟುಕೊಂಡು ನಿಂತರು. ನಾನು ಅವರಿಬ್ಬರ ಮುಖ ಬರದ ಹಾಗೆ ಚಿತ್ರ ತೆಗೆದೆ. ಮ್ಯಾಪಿನವರು ಒಪ್ಪಿಕೊಂಡರು. ರಿಕ್ಷಾದಲ್ಲಿ ವಾಪಸು ಬರುವಾಗ ಅಕ್ಕೋರು ತುಂಬಾ ನಕ್ಕರು. ನಗುವಿನ ಕಾರಣ ನಾನು ಕೇಳಿದೆನೋ ಇಲ್ಲವೋ, ಈಗ ನೆನಪಿಲ್ಲ.

ಫೋನು ಬಂದರೆ ಏನು ಬೇಕು ಎಂದು ಅವರು ಕೇಳುತ್ತಿರಲಿಲ್ಲ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಯಾವ ಊರಿಂದ್ರಿ?" ಊರು ಗೊತ್ತಾದರೆ ಬರುವ ದಾರಿ ಗೊತ್ತಾಗುತ್ತದೆ. ಕುಡಚಿ, ಉಗಾರದವರು ರೈಲಿನಲ್ಲಿ ಬರುತ್ತಾರೆ, ಅವರಿಗೆ ಮಿರಜ. ಸಾಂಗಲಿಯ ದವಾಖಾನೆಯಲ್ಲಿ ಪೇಶಂಟನ್ನು ಇಟ್ಟವರಿಗೆ ಪೇಟೆಯ ಅಂಗಡಿ. ಎರಡನೆಯ ಪ್ರಶ್ನೆ, ಪೇಶಂಟ್ ಜೊತೆಗೆ ಬರುತ್ತಾರೋ, ನಡೆಯುತ್ತಾರೋ ಎನ್ನುವುದು. ಮಿರಜದ ಅಂಗಡಿಗೆ ಮೆಟ್ಟಿಲಿದ್ದವು. ಕಾಲು ಕಟ್ಟಿಸಿಕೊಂಡವರನ್ನು ಅವರು ನೆಲಕ್ಕೆ ಸಮನಾಗಿದ್ದ ವಿಶ್ರಾಮಬಾಗಕ್ಕೆ ಕಳಿಸುತ್ತಿದ್ದರು. ಮಿರಜದ ತಮ್ಮನಿಗೆ ಕಂಡದ್ದು ಇಷ್ಟೇ: ನನ್ನ ಊರಿನ ದವಾಖಾನೆಯಿಂದ ಹೊರಬಿದ್ದ ಗಿರಾಕಿ ನನ್ನ ಅಂಗಡಿಯ ಮುಂದೆ ಹಾದು ವಿಶ್ರಾಮಬಾಗಕ್ಕೆ ಹೋಗುತ್ತಿದ್ದಾನೆ. ಅಕ್ಕ ತಂದೆಯಿಲ್ಲದ ಹುಡುಗನ ಕಡೆ ವಾಲಿದ್ದಾಳೆ ಎಂದು ಅವರು ನಾಲ್ಕು ಜನರ ಮುಂದೆ ಅಂದರು. ಅಕ್ಕೋರ ಕಿವಿಗೆ ಬಿತ್ತು. ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಲು ಹೇಳಿ ಕಳಿಸಿದರು. ತಮ್ಮ ಮಾಡಿಸಲಿಲ್ಲ.

ಅವರು ಯಾವಾಗಲೂ ನ್ಯಾಯವಾಗಿದ್ದರು ಎಂದು ನಾನು ಬರೆಯಲಾರೆ. ತಮ್ಮ ತನ್ನ ಬೋರ್ಡಿನಲ್ಲಿ ತಂದೆಯ ಹೆಸರಿನ ಮುಂದೆ 'ನ್ಯೂ' ಎಂದು ಸೇರಿಸಿದರು. ಬೋರ್ಡಿನಲ್ಲಿ ಇದ್ದದ್ದೇ ಮ್ಯಾಪಿನಲ್ಲೂ ಇರಬೇಕು ಎಂಬುದು ನಿಯಮ. ನಾನು ಬದಲಿಸಲು ಹೊರಟೆ. ಅಕ್ಕೋರು ಬೋರ್ಡಿನ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ತನಗೆ ಅಂಥ ಅಕ್ಷರ ಯಾವುದೂ ಕಾಣುತ್ತಿಲ್ಲ ಎಂದರು. ಕನ್ನಡಕ ಹಾಕಿಕೊಂಡಿದ್ದರು.

ಅವರ ಜೊತೆ ಕೆಲಸ ಮಾಡುವಾಗ ನಗು ಬರುವ ದಿನಗಳೂ ಇದ್ದವು. ಮ್ಯಾಪಿನಲ್ಲಿ ಮಿರಜದ ಅಂಗಡಿಯ ಗುರುತು ಒಮ್ಮೆ ಸರಿದು ಹಿಂದಿನ ಗಲ್ಲಿಯ ಸಿತಾರ ಮಾಡುವ ಮನೆಯ ಮೇಲೆ ಬಿತ್ತು. ಸೊಂಟ ಹಿಡಿದವರು, ಮೊಣಕಾಲು ನೋವಿನವರು ಒಣಗಲು ಇಟ್ಟ ಸೋರೆಬುರುಡೆಗಳ ನಡುವೆ ಹೋಗಿ ನಿಲ್ಲತೊಡಗಿದರು. ಅಲ್ಲಿಯ ಮುದುಕ ಕಾರಿಗರು ಫೋನು ಮಾಡಿ, "ಅಕ್ಕೋರ, ನಿಮ್ಮ ಪೇಶಂಟರು ನಮ್ಮ ಬುರುಡೀ ಮ್ಯಾಲೆ ಕುಂದ್ರಾಕತ್ಯಾರ. ಸೊಂಟದ ಪಟ್ಟಿ ಕಳಸ್ರಿ, ನಾವ ಮಾರ್ತೀವಿ," ಅಂದರು. ಅಕ್ಕೋರು ನನ್ನನ್ನು ಕರೆದುಕೊಂಡು ಹೋಗಿ, ಅಂಗಡಿಯ ಹೊಸ್ತಿಲ ಮೇಲೆ ನಿಂತು, ಗುರುತು ತಮ್ಮ ಚಪ್ಪಲಿಯ ಕೆಳಗೆ ಬರುವವರೆಗೂ ನನ್ನನ್ನು ಬಿಡಲಿಲ್ಲ.

ಗಿರಾಕಿಗಳು ಅಂಗಡಿಯ ಬಗ್ಗೆ ಬರೆದ ಅಭಿಪ್ರಾಯಗಳಿಗೂ ಅವರೇ ಉತ್ತರ ಬರೆಯುತ್ತಿದ್ದರು. ಧನ್ಯವಾದ, ಮತ್ತೆ ಬನ್ನಿ ಎಂಬ ಸಿದ್ಧ ಸಾಲು ನಾನು ಕೊಟ್ಟಿದ್ದೆ. ಕಾಲುಪಟ್ಟಿ ಮಾರುವವರು ಮತ್ತೆ ಬನ್ನಿ ಎನ್ನಬಾರದು ಎಂದು ಅವರು ಅದನ್ನು ಒಪ್ಪಲಿಲ್ಲ. ಒಬ್ಬ ಸಿಟ್ಟಿನಿಂದ ಐದರಲ್ಲಿ ಒಂದೇ ಚುಕ್ಕಿ ಕೊಟ್ಟು, ವಾಕರು ಕಿರುಗುಡುತ್ತದೆ ಎಂದು ಬರೆದಿದ್ದ. ಜಗತ್ತೆಲ್ಲ ಓದುವ ಜಾಗದಲ್ಲಿ ಅಕ್ಕೋರು ಹೀಗೆ ಉತ್ತರಿಸಿದರು: ಕಿರುಗುಡುತ್ತದೆ ಅಂದರೆ ನಿಮ್ಮ ತಾಯಿ ನಡೆಯುತ್ತಿದ್ದಾರೆ ಅಂತಾಯಿತು, ಕೇಳಿ ಸಂತೋಷವಾಯಿತು, ಕೊಬ್ಬರಿ ಎಣ್ಣೆ ಬಿಡಿ.

ಇನ್ನು ಅಮಾವಾಸ್ಯೆಯ ಮಾತು.

ತಂದೆಯ ಕಾಲದಿಂದ ಅಮಾವಾಸ್ಯೆಯ ದಿನ ಮುಂಜಾನೆ ಅಂಗಡಿ ತೆಗೆಯುವ ಪದ್ಧತಿ ಇರಲಿಲ್ಲ. ಹೊಸ್ತಿಲು ತೊಳೆದು, ಗಲ್ಲೆಗೆ ವಿಭೂತಿ ಹಚ್ಚಿ, ಪೂಜೆ ಮುಗಿಸಿ, ಮಧ್ಯಾಹ್ನದ ಮೇಲೆ ವ್ಯಾಪಾರ. ಮ್ಯಾಪಿನ ಯಂತ್ರಕ್ಕೆ ದೀಪಾವಳಿ ಗೊತ್ತು, ಅಮಾವಾಸ್ಯೆ ಗೊತ್ತಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಅಕ್ಕೋರು ಪಂಚಾಂಗ ಹಿಡಿದು ಕೂತು, ಮೂರೂ ಅಂಗಡಿಗಳಿಗೆ ಆ ದಿನದ ಮುಂಜಾನೆಯನ್ನು 'ಬಂದ್' ಎಂದು ಮಾಡಿಸುತ್ತಿದ್ದರು. ಅಣ್ಣ, ಅಳಿಯ ಪದ್ಧತಿ ಬಿಟ್ಟಿರಲಿಲ್ಲ. ಮಿರಜದ ತಮ್ಮ ಬಿಟ್ಟಿದ್ದರು. ದವಾಖಾನೆಗೆ ಅಮಾವಾಸ್ಯೆ ಇಲ್ಲ, ಅದರ ಎದುರಿನ ಅಂಗಡಿಗೆ ಯಾಕೆ ಎಂಬುದು ಅವರ ಮಾತು. ಮಿರಜದ ಅಂಗಡಿ ಆ ಮುಂಜಾನೆ ತೆರೆದಿರುತ್ತದಲ್ಲ ಎಂದು ನಾನು ಅಕ್ಕೋರಿಗೆ ಹೇಳಿದೆ.

"ತಗದಿರಬಹುದವಾ," ಅಂದರು ಅಕ್ಕೋರು. "ಅಪ್ಪನ ಹೆಸರಿನ ಅಂಗಡಿ ಅಮಾಸಿ ಮುಂಜಾನಿ ತಗದೈತಿ ಅಂತ ನಾ ಅನ್ನಂಗಿಲ್ಲ."

ಅದು ಹಟ. ಅದರೊಳಗೆ ಭಕ್ತಿ ಎಷ್ಟು, ಹಿಸೆಯನ್ನು ಒಪ್ಪಿಕೊಳ್ಳಲಾರದ ಸಂಕಟ ಎಷ್ಟು, ನಾನು ಬೇರ್ಪಡಿಸಿ ಹೇಳಲಾರೆ. ಅಮಾವಾಸ್ಯೆ ಬಂದರೆ ಯಾರೋ 'ಈ ಅಂಗಡಿ ತೆರೆದಿದೆ' ಎಂದು ಮ್ಯಾಪಿಗೆ ತಿದ್ದುಪಡಿ ಕಳಿಸುತ್ತಿದ್ದರು. ಅಕ್ಕೋರು ಅದನ್ನು ತಿರಸ್ಕರಿಸುತ್ತಿದ್ದರು. ಕಳಿಸುವವರು ಮಿರಜದ ತಮ್ಮನೇ ಎಂದು ಇಬ್ಬರಿಗೂ ಗೊತ್ತಿತ್ತು. ಎದುರು ಸಿಕ್ಕಾಗ ಅಕ್ಕತಮ್ಮಂದಿರು ಹಬ್ಬದ ಮಂಡಿಗೆಯ ವಿಷಯ, ಹಲ್ಲುನೋವಿನ ವಿಷಯ ಮಾತಾಡುತ್ತಿದ್ದರು. ಜಗಳವೆಲ್ಲ ಮ್ಯಾಪಿನಲ್ಲಿ.

ಗಡಿಯ ಹಳ್ಳಿ ಸಲಗರೆಯಲ್ಲಿ ಕುರಿ ಸಾಕುವ ಒಬ್ಬ ಹಿರಿಯರಿದ್ದರು. ಅವರ ಮಕ್ಕಳು ಅಕ್ಕೋರ ಹತ್ತಿರ ಕಲಿತವರು. ಹೆಂಡತಿಗೆ ಉಸಿರಿನ ಕಾಯಿಲೆ. ದವಾಖಾನೆಯಿಂದ ಮನೆಗೆ ಕರೆತಂದ ಮೇಲೆ ಆಮ್ಲಜನಕದ ಮಷಿನನ್ನು ಇವರ ಅಂಗಡಿಯಿಂದ ಬಾಡಿಗೆಗೆ ಒಯ್ದಿದ್ದರು. ಒಂದು ಅಮಾವಾಸ್ಯೆಯ ಮುಂಜಾನೆ ಆ ಮಷಿನು ನಿಂತುಹೋಯಿತು. ಮನೆಯ ಹುಡುಗರು ಫೋನು ನೋಡಿದರೆ ಮೂರೂ ಅಂಗಡಿ ಬಂದ್. ಮಧ್ಯಾಹ್ನದ ಹೊತ್ತಿಗೆ ಆಕೆಯನ್ನೇ ಗಾಡಿಯಲ್ಲಿ ಹಾಕಿಕೊಂಡು ಮಿರಜಕ್ಕೆ ತಂದರು. ಮುಂದಿನ ಕೆಲವು ದಿನಗಳಲ್ಲಿ ಆಕೆ ದವಾಖಾನೆಯಲ್ಲೇ ಹೋದರು. ಡಾಕ್ಟರು ಪುಪ್ಪುಸ ಮೊದಲೇ ಕೆಟ್ಟಿತ್ತು ಎಂದರಂತೆ. ಆ ಮುಂಜಾನೆ ಮಿರಜದ ಅಂಗಡಿ ತೆರೆದಿತ್ತು. ಮಷಿನುಗಳೂ ಇದ್ದವು.

ಆ ದಿನ ನಾನು ವಿಶ್ರಾಮಬಾಗದಲ್ಲಿ ಅಕ್ಕೋರ ಹತ್ತಿರ ಇದ್ದೆ. ಅವರು ಪೂಜೆಗೆ ಕೂತಿದ್ದರು. ಫೋನು ಗೋಡೆಯ ಗೂಡಿನಲ್ಲಿ ಬೋರಲಾಗಿ ಬಿದ್ದಿತ್ತು. ಅದು ಹೊಡೆದುಕೊಂಡಿತು, ಅವರು ಎತ್ತಲಿಲ್ಲ, ಕಣ್ಣೂ ತೆರೆಯಲಿಲ್ಲ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಊದುಬತ್ತಿಯ ಬೂದಿ ಫೋನಿನ ಬೆನ್ನ ಮೇಲೆ ಬಿದ್ದದ್ದೂ ನೆನಪಿದೆ. ಇಷ್ಟು ಸ್ಪಷ್ಟವಾಗಿರುವುದೇ ಈಗ ನನ್ನ ಅನುಮಾನಕ್ಕೆ ಕಾರಣ.

ಮಿರಜದ ತಮ್ಮ ಮರುದಿನವೋ ಅದರ ಮರುದಿನವೋ ಬಂದರು. ಕೂರಲಿಲ್ಲ.

"ನಾ ಅಂಗಡಿ ತಗದು ಕುಂತೇನಿ, ನೀ ಬಂದ್ ಅಂತ ತೋರಸ್ತಿ. ಸಾಯೋರ ಮುಂದ ನಿನ್ನ ಅಮಾಸಿ ಏನ ಮಾಡ್ತೈತಕ್ಕಾ? ಫೋನರೆ ಎತ್ತಬೇಕಿಲ್ಲ?"

ಅಕ್ಕೋರು ಸೆರಗಿನ ತುದಿಯಿಂದ ಫೋನಿನ ಗಾಜನ್ನು ಒರೆಸುತ್ತ ಕೂತಿದ್ದರು. ತಮ್ಮ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಮೂರು ನಂಬರ ಹಾಕವಾ. ಅವರವರದು ಅವರವರಿಗೆ. ಮಿರಜದ ಅಂಗಡೀಗಿ ಅಂವ ಹೇಳಿದ ಹೊತ್ತ ಹಾಕು. ಆ 'ನ್ಯೂ' ನೂ ಹಾಕು."

ಅವರ ಎದುರಿಗೇ ಹಾಕಿದೆ. ಮೂರು ಸಲ ನಂಬರು ಅಳಿಸಿ ಬರೆಯುವುದು ದೊಡ್ಡ ಕೆಲಸವಲ್ಲ. ಅವರು ಹತ್ತಿರ ಕೂತು, ಮುಗಿಯಿತೇ ಎಂದು ಒಮ್ಮೆ ಕೇಳಿ, ಒಳಗೆ ಹೋಗಿ ಅಕ್ಕಿ ಆರಿಸತೊಡಗಿದರು.

ಆಮೇಲೆ ಅವರ ದಿನಗಳು ಸಣ್ಣವಾದವು. ಅಳಿಯ ಒಳ್ಳೆಯವನು, ಊಟ ಉಪಚಾರಕ್ಕೆ ಕೊರತೆ ಮಾಡಲಿಲ್ಲ. ಆದರೆ ಅಂಗಡಿಯಲ್ಲಿ ಅವರಿಗೆ ಮಾಡುವಂಥದ್ದು ಉಳಿಯಲಿಲ್ಲ. ಫೋನನ್ನು ಮಾತ್ರ ಸೆರಗಿನಲ್ಲಿ ಇಟ್ಟುಕೊಂಡೇ ಇರುತ್ತಿದ್ದರು. ಒಮ್ಮೆ ನಾನು ಹೋದಾಗ, ತನ್ನ ನಂಬರು ಎಲ್ಲ ಕಡೆಯಿಂದಲೂ ಹೋಯಿತೇ ಎಂದು ಕೇಳಿದರು. ಮ್ಯಾಪಿನಿಂದ ಹೋಗಿದೆ, ಆದರೆ ಮ್ಯಾಪನ್ನು ನೋಡಿ ನಕಲು ಮಾಡಿಕೊಳ್ಳುವ ಸಣ್ಣಪುಟ್ಟ ಜಾಗಗಳಿರುತ್ತವೆ, ಅಂಥ ಒಂದರಲ್ಲಿ ಉಳಿದಿದೆ, ಪತ್ರ ಬರೆದು ತೆಗೆಸಬೇಕು ಎಂದೆ. ಅವರು ಸ್ವಲ್ಪ ಯೋಚಿಸಿ, ಅಂಥ ಅವಸರವೇನಿಲ್ಲ ಎಂದರು. ಹೀಗೆ ಉಳಿದದ್ದೇ ತಮ್ಮನವರು ಈಗ ತೆಗೆಯಲು ಹೇಳಿದ ನಂಬರು.

ಶಿವಗಣಾರಾಧನೆಯ ದಿನ ವಿಶ್ರಾಮಬಾಗದ ಮನೆಯಲ್ಲಿ ಊಟ ಮುಗಿದು ಬಂದವರೆಲ್ಲ ಹೋಗಿದ್ದರು. ಅಕ್ಕೋರ ಕೋಣೆಯಲ್ಲಿ, ಅವರ ಫೋಟೋದ ಮುಂದೆ ಅಣ್ಣ, ತಮ್ಮ, ಅಳಿಯ, ನಾನು. ಬ್ಯಾಂಕಿನ ಸಂದೇಶಗಳು ಅದಕ್ಕೇ ಬರುತ್ತವೆಂದು ಅಳಿಯ ಅಕ್ಕೋರ ಫೋನನ್ನು ಚಾರ್ಜು ಮಾಡಿ ಫೋಟೋದ ಪಕ್ಕದಲ್ಲಿಟ್ಟಿದ್ದ. ನಾನು ಲ್ಯಾಪ್‌ಟಾಪ್ ತೆರೆದು, ಆ ಹಳೆಯ ಜಾಗದವರಿಗೆ ಬರೆಯಲು ಕೂತಿದ್ದೆ.

ಆಗ ಸಲಗರೆಯ ಹಿರಿಯರು ಬಂದರು. ತಲೆಯ ಪಟಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದರು. ಅಣ್ಣ, "ಊಟಕ್ಕ ಏಳ್ರಿ ಕಾಕಾ," ಅಂದರು. ಅವರು ಏಳಲಿಲ್ಲ. ಒಂದು ಮಾತು ಆಡಿ ಆಮೇಲೆ ಉಣ್ಣುತ್ತೇನೆ ಎಂದರು.

"ಅವತ್ತ ಅಕ್ಕೋರು ಫೋನ್ ಎತ್ತಿದ್ರು. ಮಿರಜದ ಅಂಗಡಿ ತಗದೈತಿ, ಈಗಿಂದೀಗ ಹೋಗ್ರಿ ಅಂದ್ರು. ನಾನ ಹೋಗಲಿಲ್ರಿ. ಜಡ್ಡಿನವರ ಮನಿಗಿ ಅಮಾಸಿ ಮುಂಜಾನಿ ಹೊಸಾ ಮಷಿನ್ ತರಬಾರದಂತ ಕುಂತ್ನಿ. ಹುಡುಗುರು ಮೊಬೈಲಿನ್ಯಾಗ ಬಂದ್ ಐತಿ ಅಂದ್ರು, ನಾನೂ ಹೂಂ ಅಂದ್ನಿ."

ಅವರು ಇನ್ನೂ ಹೇಳಿದರು. ಹೆಂಡತಿಯ ದಿನಕರ್ಮ ಮುಗಿದ ಮೇಲೆ ಅಕ್ಕೋರ ಹತ್ತಿರ ಬಂದು ಇದನ್ನೇ ಹೇಳಿದ್ದರಂತೆ, ನಿಮ್ಮ ಅಣ್ಣತಮ್ಮಂದಿರಿಗೂ ಹೇಳಿಬಿಡುತ್ತೇನೆ ಅಂದಿದ್ದರಂತೆ. ಅಕ್ಕೋರು ಬೇಡವೆಂದರಂತೆ. ಈಗ ಮಕ್ಕಳ ಮುಂದೆ ನೀವು ಹಾಗೆ ಹೇಳಿದರೆ ತಾಯಿಯ ಸಾವನ್ನು ಅವರು ನಿಮ್ಮ ತಲೆಗೆ ಕಟ್ಟುತ್ತಾರೆ, ನಾಳೆ ಅವರ ಕೈಯ ರೊಟ್ಟಿ ತಿನ್ನಬೇಕಾದವರು ನೀವು ಎಂದರಂತೆ.

ನಾನು ಗೂಡಿನ ಕಡೆ ನೋಡಿದೆ. ಆ ದಿನ ಬೋರಲಾಗಿ ಬಿದ್ದಿದ್ದ ಫೋನು, ಬೂದಿ ಕಣ್ಣ ಮುಂದೆ ಬಂದವು. ನಾನು ಕಂಡದ್ದು ಬೇರೆ ಯಾರದೋ ಕರೆಯೇ? ಅವರು ಎತ್ತಿ ಮಾತಾಡಿದ್ದು ನಾನು ಬರುವ ಮೊದಲೇ? ಅಥವಾ ತಮ್ಮನವರ ಸಿಟ್ಟಿನ ಮಾತು ಕೇಳಿದ ಮೇಲೆ ನಾನು ಆ ಮುಂಜಾನೆಯನ್ನು ಹಾಗೆ ಕಟ್ಟಿಕೊಂಡೆನೇ? ಇದೂ ಇರಬಹುದು: ಹಿರಿಯರು, ತೀರಿಹೋದವರಿಗೆ ಕೊಡಲು ಕೈಯಲ್ಲಿ ಬೇರೇನೂ ಇಲ್ಲದೆ, ಈ ಮಾತನ್ನು ತಂದಿರಬಹುದು. ಅವರ ಮುಖ ಹಾಗೆ ಹೇಳುತ್ತಿರಲಿಲ್ಲ. ಅಮಾವಾಸ್ಯೆ ಮುಂಜಾನೆ ಅಂಗಡಿ ತೆರೆದಿದೆ ಅಂತ ನಾ ಅನ್ನಂಗಿಲ್ಲ ಎಂದಿದ್ದ ಮಾತನ್ನು ಅಕ್ಕೋರು ಅಂದೇ ಇದ್ದರೆ, ಅದನ್ನು ಒಬ್ಬರ ಮುಂದೆ ಮಾತ್ರ ಅಂದು, ಅದರ ಫಲವನ್ನೂ ತೆಗೆದುಕೊಳ್ಳದೆ ಬಿಟ್ಟರು. ಅಂದಿರದಿದ್ದರೆ, ನಂಬರು ಬಿಟ್ಟುಕೊಟ್ಟದ್ದು ಅವರು ತಮಗೆ ತಾವೇ ಹಾಕಿಕೊಂಡ ಶಿಕ್ಷೆ. ಈ ಎರಡರಲ್ಲಿ ಯಾವ ಹೆಂಗಸನ್ನು ನಾನು ಬಲ್ಲೆ ಎಂದು ಬರೆಯಲಿ?

ಮಿರಜದ ತಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ಮತ್ತ ನನ್ನ ಮುಂದ ಯಾಕ ಬಾಯಿ ಬಿಡಲಿಲ್ಲ ಅಕಿ?" ಎಂದು ಕೇಳಿದರು. ಯಾರನ್ನು ಕೇಳಿದರೋ. ಅಣ್ಣ ತಲೆ ತಗ್ಗಿಸಿ ಜಮಖಾನೆಯ ದಾರ ಎಳೆಯುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಫೋಟೋದ ಪಕ್ಕದ ಫೋನು ಹೊಡೆದುಕೊಂಡಿತು. ಅಳಿಯ ಕೈ ಚಾಚಿದವನು ಹಿಂದೆಗೆದುಕೊಂಡ. ಕಿಟಕಿಯ ಹತ್ತಿರವಿದ್ದ ತಮ್ಮನವರು ಬಂದು ಎತ್ತಿದರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುವುದು ನಮಗೂ ಕೇಳುತ್ತಿತ್ತು. ಮಾವನಿಗೆ ಸೊಂಟದ ಪಟ್ಟಿ ಬೇಕು, ನಿಮ್ಮದು ಮೂರು ಅಂಗಡಿ ತೋರಿಸುತ್ತದೆ, ಯಾವುದಕ್ಕೆ ಬರಬೇಕು?

"ಯಾವ ಊರಿಂದ್ರಿ?" ಅಂದರು ತಮ್ಮನವರು.

ಆಕೆ ಉಗಾರ ಅಂದಳು. ನಾಳೆ ರೈಲಿಗೆ ಬರುತ್ತೇವೆ, ಮಾವ ನಡೆಯುತ್ತಾರೆ, ಮೆಟ್ಟಿಲೂ ಹತ್ತುತ್ತಾರೆ ಅಂದಳು. ಉಗಾರದವರಿಗೆ ಯಾವ ಅಂಗಡಿ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಮ್ಮನವರು ಬಾಯಿ ತೆರೆದರು. ಅಣ್ಣ ತಲೆ ಎತ್ತಿ ನೋಡುತ್ತಿದ್ದರು, ಅಳಿಯನೂ ನೋಡುತ್ತಿದ್ದ. ತಮ್ಮನವರ ಬಾಯಿಂದ ಮಿರಜ ಎಂಬ ಮಾತು ಹೊರಡಲಿಲ್ಲ. ಆಕೆ "ಹಲೋ, ಹಲೋ" ಅನ್ನುತ್ತಲೇ ಇದ್ದಳು. ಅವರು ಫೋನನ್ನು ಅಣ್ಣನ ಕಡೆ ಚಾಚಿದರು.

ಅಣ್ಣ ಅದನ್ನು ಕಿವಿಗಿಟ್ಟುಕೊಂಡರು. "ಮಿರಜದಾಗ ಇಳೀರಿ. ಸ್ಟೇಶನ್ನಿಗಿ ಅದ ಹತ್ತರ ಆಗತೈತಿ," ಎಂದು ಹೇಳಿ, ಅಂಗಡಿಯ ಗುರುತು ಹೇಳಿದರು. ಬೋರ್ಡಿನ ಹೆಸರನ್ನು 'ನ್ಯೂ' ಸೇರಿಸಿಯೇ ಹೇಳಿದರು.

ಫೋನನ್ನು ತಮ್ಮನವರು ವಾಪಸು ತೆಗೆದುಕೊಂಡು, ಗಾಜನ್ನು ಅಂಗಿಗೆ ಒರೆಸಿ, ಮೊದಲಿದ್ದಲ್ಲೇ ಇಟ್ಟರು. ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಧ ಬರೆದ ಪತ್ರ ಹಾಗೇ ಇತ್ತು. ಅವರು ಅದನ್ನು ನೋಡಿದರು, ತೆಗೆ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸಲಗರೆಯ ಹಿರಿಯರ ಪಕ್ಕಕ್ಕೆ ಹೋಗಿ, ಅವರ ತೊಡೆಯ ಮೇಲಿನ ಪಟಕವನ್ನು ಎತ್ತಿ ಗೂಟಕ್ಕೆ ಹಾಕಿ, "ಏಳ್ರಿ ಕಾಕಾ, ನಾನೂ ಉಂಡಿಲ್ಲ," ಅಂದರು.